ಹೋಟೆಲಿನೊಳಗೆ ಮಳೆಗಾಲ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈ ತಿಂಗಳು ಮಳೆ ಬರುವುದಿಲ್ಲವೆಂದೇ ಹೇಳಬೇಕು. ಅಲ್ಲಿನ ಮಳೆಗಾಲ ಏನಿದ್ದರೂ ನವೆಂಬರಿನಿಂದ ಮಾರ್ಚಿನವರೆಗೆ. ಇಡೀ ವರ್ಷದ ಲೆಕ್ಕ ಹಿಡಿದರೂ 600 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯ ಸರಾಸರಿ 7,500 ಮಿಲಿಮೀಟರು ದಾಟುತ್ತದೆ. ಬೇಸಿಗೆಯಲ್ಲಿ ಆ ಊರಿಗೆ ಸಿಗುವುದು ಪೆಸಿಫಿಕ್ ಸಾಗರದ ಮೇಲಿಂದ ಉರುಳಿ ಬಂದು ಗೋಲ್ಡನ್ ಗೇಟ್ ಸೇತುವೆಯನ್ನು ನುಂಗುವ ಮಂಜು ಮಾತ್ರ. ಹಾಗಿದ್ದೂ ಊರಿನ ನಡುವಿನ ನಾಬ್ ಹಿಲ್ ಗುಡ್ಡದ ಮೇಲೆ, ಫೇರ್‌ಮಾಂಟ್ ಎಂಬ ಹಳೆಯ ಐಷಾರಾಮಿ ಹೋಟೆಲಿನ ಕೆಳಮಹಡಿಯಲ್ಲಿ, ಸಂಜೆ ದೀಪ ಹೊತ್ತಿಸಿದ ಮೇಲೆ ಸುಮಾರು ಅರ್ಧ ಗಂಟೆಗೊಮ್ಮೆ ಗುಡುಗು, ಮಿಂಚಿನೊಂದಿಗೆ ಮಳೆ ಸುರಿಯುತ್ತದೆ. ಆ ಮಳೆ ನೋಡಲು ಜನ ಮುಂಚೆಯೇ ಜಾಗ ಕಾಯ್ದಿರಿಸಿ, ದುಬಾರಿ ದುಡ್ಡು ಕೊಟ್ಟು ಬರುತ್ತಾರೆ.

ಆ ಜಾಗದ ಹೆಸರು ‘ಟೋಂಗಾ ರೂಮ್ ಅಂಡ್ ಹರಿಕೇನ್ ಬಾರ್’. ದಕ್ಷಿಣ ಪೆಸಿಫಿಕ್ಕಿನ ದ್ವೀಪವೊಂದನ್ನು ನಾಲ್ಕು ಗೋಡೆಗಳ ನಡುವೆ ಕಟ್ಟಿ ನಿಲ್ಲಿಸಿದ ಕುಣಿತ-ಕುಡಿತದ ಮನೆ. ಇಂಥ ಜಾಗಗಳಿಗೆ ಅಮೆರಿಕದಲ್ಲಿ ಟಿಕಿ ಬಾರ್ ಎನ್ನುತ್ತಾರೆ. ಈಗ ಉಳಿದಿರುವ ಅಂಥವುಗಳಲ್ಲಿ ಇಷ್ಟು ಹಳೆಯದು, ಇಷ್ಟು ದೊಡ್ಡದು ವಿರಳ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಅಣ್ಣನ ಮಗಳು. ಸನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. “ಚಿಕ್ಕಪ್ಪ, ಊರಲ್ಲಿ ಪುನರ್ವಸು ಮಳೆ ಹೊಡೀತಿರೋ ಹೊತ್ತಲ್ಲಿ ನೀವಿಲ್ಲಿ ಬಿಸಿಲು ಕಾಯಿಸ್ತಾ ಕೂತಿದೀರಿ. ಶನಿವಾರ ನಿಮಗೆ ಮಳೆ ತೋರಿಸ್ತೀನಿ” ಅಂದಳು. ಅವಳ ಗಂಡ ಹಾಗೂ ಅವಳ ಆಫೀಸಿನ ಗೆಳತಿಯೊಬ್ಬಳು ಜೊತೆಗೆ ಬಂದರು. ಪೊವೆಲ್ ಬೀದಿಯಿಂದ ಕೇಬಲ್ ಕಾರ್ ಹತ್ತಿದೆವು. ಅದಕ್ಕೆ ಎಂಜಿನ್ ಇಲ್ಲ. ರಸ್ತೆಯಡಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬಿಡುವಿಲ್ಲದೆ ಓಡುವ ಉಕ್ಕಿನ ಹಗ್ಗವನ್ನು ಚಾಲಕ ದೊಡ್ಡ ಸನ್ನೆಗೋಲೊಂದರಿಂದ ಹಿಡಿಯುತ್ತಾನೆ, ಬಿಡುತ್ತಾನೆ. ಹಿಡಿದಾಗ ಗಾಡಿ ಗುಡ್ಡ ಏರುತ್ತದೆ. ಇಡೀ ಮೈಯ ಬಲ ಹಾಕಿ ಆ ಸನ್ನೆ ಎಳೆಯುತ್ತಿದ್ದವನ ತೋಳನ್ನು ನೋಡುತ್ತಲೇ ನಾನು ನಾಬ್ ಹಿಲ್ ತಲುಪಿದೆ.

ಹೋಟೆಲು ಬಿಳಿ ಕಲ್ಲಿನ ಅರಮನೆ. 1906ರ ಏಪ್ರಿಲ್ 18ರ ಭೂಕಂಪ ಊರನ್ನು ಕೆಡವಿದಾಗ ಇನ್ನೂ ಬಾಗಿಲು ತೆರೆಯದ ಈ ಕಟ್ಟಡ ನೆಲಕ್ಕುರುಳಲಿಲ್ಲ, ಆದರೆ ಹಿಂದೆಯೇ ಬಂದ ಬೆಂಕಿಯಲ್ಲಿ ಒಳಗೆಲ್ಲ ಸುಟ್ಟಿತು. ಅದನ್ನು ಮತ್ತೆ ನಿಲ್ಲಿಸುವ ಕೆಲಸ ಸಿಕ್ಕಿದ್ದು ಜೂಲಿಯಾ ಮಾರ್ಗನ್ ಎಂಬ ಮೂವತ್ತರ ಹರೆಯದ ಹೆಂಗಸಿಗೆ. ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪಿಯಾಗಿ ಪರವಾನಗಿ ಪಡೆದ ಮೊದಲ ಮಹಿಳೆ ಆಕೆ. ವರ್ಷ ತುಂಬುವಷ್ಟರಲ್ಲಿ ಹೋಟೆಲು ಬಾಗಿಲು ತೆರೆಯಿತು. 1929ರಲ್ಲಿ ಇದರ ಕೆಳಮಹಡಿಯಲ್ಲಿ 75 ಅಡಿ ಉದ್ದದ ಈಜುಕೊಳ ಕಟ್ಟಿದರು. ಬೆಂಜಮಿನ್ ಸ್ವಿಗ್ ಎಂಬ ಉದ್ಯಮಿ 1945ರಲ್ಲಿ ಹೋಟೆಲನ್ನು ಕೊಂಡ. ಆ ವರ್ಷವೇ ಕೊಳದ ಕೋಣೆ ಟೋಂಗಾ ರೂಮ್ ಆಯಿತು. ವಿನ್ಯಾಸ ಮಾಡಿದವನು ಎಂಜಿಎಂ ಸಿನಿಮಾ ಕಂಪನಿಯಲ್ಲಿ ಸೆಟ್ ಹಾಕುತ್ತಿದ್ದ ಮೆಲ್ ಮೆಲ್ವಿನ್.

ಸೆಟ್ ಹಾಕುವವನ ಕೈ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಮೊದಲು ಕತ್ತಲು. ಕಣ್ಣು ಹೊಂದಿಕೊಂಡಂತೆ ನಡುವೆ ನೀರು ಕಾಣುತ್ತದೆ: ಅದೇ ಹಳೆಯ ಈಜುಕೊಳ, ಈಗ ಹಿನ್ನೀರಿನಂತೆ ಹಸಿರು ನೀಲಿ ಬೆಳಕು ಹೊದ್ದಿದೆ. ಸುತ್ತ ಹುಲ್ಲು ಹೊದಿಸಿದ ಮಾಡಿನ ಗುಡಿಸಲುಗಳು. ಒಂದೊಂದರ ಕೆಳಗೂ ಮೇಜು, ಕುರ್ಚಿ. ಬಿದಿರು, ಹಗ್ಗ, ಮರದಲ್ಲಿ ಕೆತ್ತಿದ ದೊಡ್ಡ ಮೊಗಗಳು. ಒಂದು ತುದಿಯಲ್ಲಿ ಹಡಗಿನ ಕೂವೆ, ಅದಕ್ಕೆ ಕಟ್ಟಿದ ಹಗ್ಗದೇಣಿ. ಆ ತುದಿಯಲ್ಲೇ ಕುಣಿಯುವ ಜಾಗ. ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣ ಸಮುದ್ರದ ದ್ವೀಪಗಳಿಗೆ ಓಡಾಡುತ್ತಿದ್ದ ‘ಫಾರೆಸ್ಟರ್’ ಎಂಬ ಮರಸಾಗಣೆ ಹಡಗಿನ ಹಲಗೆಗಳಿಂದ ಈ ನೆಲ ಹಾಸಿದ್ದೆಂದು ಹೋಟೆಲಿನವರು ಹೇಳುತ್ತಾರೆ. ಕೊಳದ ಆಚೆ ದಡದಲ್ಲಿ ಹುಲ್ಲುಮಾಡಿನ ದೋಣಿಯೊಂದು ಕಟ್ಟಿ ನಿಂತಿದೆ. ವಾದ್ಯದವರು ನುಡಿಸುವುದು ಅದರಲ್ಲಿ ನಿಂತು.

ನೀರಿನ ಪಕ್ಕದ ಮೇಜು ಸಿಕ್ಕಿತು. ಮೊದಲು ಬಂದದ್ದು ಪಾನೀಯ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟಿಕಿ ಬಾರಿನ ವಿದ್ಯೆಯೆಲ್ಲ ಅಡಗಿರುವುದು ಅಲ್ಲಿ. 1933ರ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ತೆರವಾಯಿತು. ಆ ಹೊತ್ತಿನಲ್ಲೇ ಅರ್ನೆಸ್ಟ್ ಗ್ಯಾಂಟ್ ಎಂಬ ಅಲೆಮಾರಿ ಹಾಲಿವುಡ್ಡಿನಲ್ಲಿ ಪುಟ್ಟ ಬಾರ್ ತೆರೆದ. ವಿಸ್ಕಿಗಿಂತ ರಮ್ ಅಗ್ಗಕ್ಕೆ ಸಿಗುತ್ತಿತ್ತು. ಹೆಂಡದಂಗಡಿಗೆ ಬೇಕಾದ ಆಕರ್ಷಣೆಯನ್ನು ಅವನು ತಾನು ಸುತ್ತಿ ಬಂದ ದ್ವೀಪಗಳಿಂದ ಕಟ್ಟಿಕೊಂಡ: ಬಲೆ, ಬಿದಿರು, ದೋಣಿಯ ಹುಟ್ಟು. ಮುಂದೆ ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಒಂದೇ ಲೋಟದಲ್ಲಿ ಎರಡು ಮೂರು ಬಗೆಯ ರಮ್ ಬೆರೆಸಿ, ಅದಕ್ಕೆ ನಿಂಬೆ, ಚಕ್ಕೆಯ ಪಾಕ, ಚಕೋತದ ಜಾತಿಯ ಹಣ್ಣಿನ ರಸ ಹಾಕಿ, ಪುಡಿಮಾಡಿದ ಮಂಜುಗಡ್ಡೆಯ ಮೇಲೆ ಸುರಿಯುವುದು ಅವನ ಪದ್ಧತಿ. ಯಾರೂ ಕದಿಯದಿರಲೆಂದು ಮಿಶ್ರಣಗಳ ಬಾಟಲಿಗಳಿಗೆ ಗುಟ್ಟಿನ ಹೆಸರು, ಸಂಖ್ಯೆ ಬರೆದಿಡುತ್ತಿದ್ದ. ಪಾನೀಯ ಬೆರೆಸುವ ಕೆಲಸಗಾರನಿಗೂ ಬಾಟಲಿಯೊಳಗೆ ಏನಿದೆಯೆಂಬುದು ಗೊತ್ತಾಗುತ್ತಿರಲಿಲ್ಲ. ಅವನ ‘ಜಾಂಬಿ’ ಎಂಬ ಪಾನೀಯದ ಪಾಕವಿಧಾನವನ್ನು ಜೆಫ್ ಬೆರ್ರಿ ಎಂಬ ಸಂಶೋಧಕ ಹಳೆಯ ಕೆಲಸಗಾರನೊಬ್ಬನ ನೋಟ್‌ಬುಕ್ ಹಿಡಿದು ಬಿಡಿಸಿದ್ದು ದಶಕಗಳ ನಂತರ.

ಅದೇ ಕಾಲಕ್ಕೆ ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡಿನಲ್ಲಿ ವಿಕ್ಟರ್ ಬರ್ಜೆರಾನ್ ‘ಟ್ರೇಡರ್ ವಿಕ್ಸ್’ ನಡೆಸುತ್ತಿದ್ದ. ಜಮೈಕಾದ ಹಳೆಯ ರಮ್, ನಿಂಬೆ, ಕಿತ್ತಳೆಯ ಮದ್ಯ, ಬಾದಾಮಿ ಪಾಕ ಸೇರಿದ ‘ಮೈ ಟೈ’ಯನ್ನು ತಾನು 1944ರಲ್ಲಿ ಮಾಡಿದೆನೆಂದು ಅವನು ಹೇಳಿಕೊಂಡ. ಈ ಇಬ್ಬರ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಲೋಟಗಳನ್ನು ದಿನವೂ ಬೆರೆಸಿ ಕೊಟ್ಟ ಕೈಗಳು ಬಹುಮಟ್ಟಿಗೆ ಫಿಲಿಪ್ಪೀನ್ಸಿನಿಂದ ಬಂದ ಯುವಕರವು. ಅವರಲ್ಲಿ ರೇ ಬುಹೆನ್ ಎಂಬಾತ ಡಾನ್ ಬೀಚ್ ಬಳಿ ಕಲಿತು, 1961ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ‘ಟಿಕಿ-ಟೀ’ ಎಂಬ ಪುಟ್ಟ ಅಂಗಡಿ ತೆರೆದ. ಅವನ ಮನೆಯವರು ಅದನ್ನು ನಡೆಸಿಕೊಂಡು ಬಂದರು. ಈ ವಿದ್ಯೆಯ ಚರಿತ್ರೆ ಬರೆಯುವವರು ಮಾಲೀಕರ ಜೊತೆಗೆ ಈ ಕೆಲಸಗಾರರ ಹೆಸರನ್ನೂ ಬರೆಯಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನಮ್ಮ ಮೇಜಿಗೆ ಬಂದ ಮೈ ಟೈಯಲ್ಲಿ ಮೊದಲು ಮೂಗಿಗೆ ತಾಕಿದ್ದು ಪುದೀನ. ಎಲೆಯ ಕೊಂಬೆಯನ್ನು ಲೋಟದ ಬಾಯಿಗೆ ನೆಟ್ಟಿರುತ್ತಾರೆ. ಕುಡಿಯಲು ಬಗ್ಗಿದರೆ ಅದರೊಳಗೇ ಮುಖವಿಡಬೇಕು. ಆಮೇಲೆ ನಿಂಬೆಯ ಹುಳಿ, ಹಿಂದೆಯೇ ಬಾದಾಮಿಯ ಸಣ್ಣ ಕಹಿ, ಕೊನೆಗೆ ಸುಟ್ಟ ಬೆಲ್ಲದ ವಾಸನೆಯ ರಮ್. ಕಬ್ಬಿನ ಗಾಣದ ಹತ್ತಿರ ಬೆಳೆದವರಿಗೆ ಆ ಕೊನೆಯ ವಾಸನೆ ಹೊಸದಲ್ಲ. ಸಿಹಿ ಮೇಲೆ ತೇಲುವುದರಿಂದ ಮದ್ಯದ ಬಿರುಸು ತಿಳಿಯುವುದಿಲ್ಲ. ಒಂದು ಲೋಟಕ್ಕೆ ನಿಲ್ಲಿಸುವುದು ಜಾಣತನ.

ಅಷ್ಟರಲ್ಲಿ ಗುಡುಗಿತು.

ಮಾತು ನಿಂತವು. ಛಾವಣಿಯ ಕತ್ತಲಲ್ಲಿ ಬಿಳಿ ಬೆಳಕು ಎರಡು ಸಲ ಹೊಳೆಯಿತು. ಎಲ್ಲರ ಮುಖವೂ ಮೇಲೆ ತಿರುಗಿತು. ಮೊದಲು ನೀರಿನ ಮೇಲೆ ಹತ್ತಾರು ಹನಿ ಬಿದ್ದ ಸದ್ದು, ಮರುಕ್ಷಣ ಕೊಳದ ಉದ್ದಕ್ಕೂ ಮಳೆಯ ಪರದೆ. ಮೇಲೆ ಅಡಗಿಸಿಟ್ಟ ಕೊಳವೆಗಳಿಂದ ನೀರು ನೇರವಾಗಿ ಕೊಳದೊಳಕ್ಕೆ ಬೀಳುತ್ತದೆ. ಅದರ ಈಚೆ ಹುಲ್ಲುಮಾಡಿನ ಕೆಳಗೆ ಕೂತವರು ನೆನೆಯುವುದಿಲ್ಲ, ಆದರೆ ಅಂಚಿನಲ್ಲಿ ಕೂತವರ ಕೈಗೆ ಸಣ್ಣ ಸಣ್ಣ ತುಂತುರು ತಾಗುತ್ತದೆ. ನಾನು ಕೈ ಚಾಚಿದೆ. ತಣ್ಣಗಿತ್ತು. ಪಕ್ಕದ ಮೇಜಿನ ಮಗುವಿನಂಥ ಮುಖದ ಹುಡುಗನೊಬ್ಬ ತನ್ನ ಗೆಳತಿಯ ಕೈಯನ್ನೂ ಹಿಡಿದು ಮಳೆಗೆ ಒಡ್ಡಿದ. ಯಾರೋ ಚಪ್ಪಾಳೆ ತಟ್ಟಿದರು. ನಾಲ್ಕೈದು ನಿಮಿಷ ಸುರಿದು ಮಳೆ ನಿಂತಿತು, ಮಾಡಿನಿಂದ ಹನಿ ತೊಟ್ಟಿಕ್ಕುವುದು ಮಾತ್ರ ಸ್ವಲ್ಪ ಹೊತ್ತು ಉಳಿಯಿತು.

ಮಲೆನಾಡಿನವನು ನಾನು. ಆರಿದ್ರೆಯಿಂದ ಆಶ್ಲೇಷದವರೆಗೆ ಹಗಲೂ ಇರುಳೂ ಸುರಿಯುವ ಮಳೆಯಲ್ಲಿ ಅಡಿಕೆಗೆ ಔಷಧಿ ಹೊಡೆಯಲು ಒಂದು ದಿನದ ಬಿಡುವು ಸಿಕ್ಕೀತೇ ಎಂದು ಆಕಾಶ ನೋಡಿ ಬೆಳೆದವನು. ಒದ್ದೆ ಬಟ್ಟೆ ಒಣಗದೆ ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು, ಗದ್ದೆಯಂಚು ಕುಸಿಯುವುದು, ಕರೆಂಟು ವಾರಗಟ್ಟಲೆ ಬಾರದಿರುವುದು ನಮಗೆ ಮಳೆಯೆಂದರೆ. ಅದೇ ಮಳೆಯನ್ನು ಸುಮ್ಮನೆ ಕೂತು, ಬೇರೇನೂ ಕೆಲಸವಿಲ್ಲದೆ, ನೂರಾರು ಜನ ಒಟ್ಟಿಗೆ ಮುಖವೆತ್ತಿ ನೋಡುವುದನ್ನು ನಾನು ಮೊದಲು ಕಂಡದ್ದು ಈ ಕೋಣೆಯಲ್ಲಿ. ಕೃತಕವೆಂದು ಮೂಗು ಮುರಿಯಲು ನನಗೆ ಮನಸ್ಸಾಗಲಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಸಮುದ್ರವಿಲ್ಲ ಎಂದು ಯಾರೂ ದೂರುವುದಿಲ್ಲವಲ್ಲ. ನಂಬಿಸಬೇಕೆಂದು ಮನಸ್ಸಿಟ್ಟು ಕಟ್ಟಿದ್ದನ್ನು ಒಂದು ಸಂಜೆಯ ಮಟ್ಟಿಗೆ ನಂಬುವುದು ನೋಡುವವನ ಧರ್ಮ.

ಆದರೆ ಅಮೆರಿಕದವರು ಇಂಥ ದ್ವೀಪವನ್ನು ಯಾಕೆ ಇಷ್ಟೊಂದು ಹಂಬಲಿಸಿದರು? ಉತ್ತರ ಅದೇ ರಸ್ತೆಯ ಎದುರು ಬದಿಯಲ್ಲಿದೆ. ಕ್ಯಾಲಿಫೋರ್ನಿಯಾ ಬೀದಿ ದಾಟಿದರೆ ಮಾರ್ಕ್ ಹಾಪ್ಕಿನ್ಸ್ ಹೋಟೆಲು. ಅದರ ತುದಿಯ ಮಹಡಿಯಲ್ಲಿ 1939ರಿಂದ ‘ಟಾಪ್ ಆಫ್ ದಿ ಮಾರ್ಕ್’ ಎಂಬ ಗಾಜಿನ ಗೋಡೆಗಳ ಬಾರ್ ಇದೆ. ಎರಡನೇ ಮಹಾಯುದ್ಧದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ 16 ಲಕ್ಷಕ್ಕೂ ಹೆಚ್ಚು ಜನ ಪೆಸಿಫಿಕ್ ರಣರಂಗಕ್ಕೆ ಹಡಗು ಹತ್ತಿದರು. ಹೊರಡುವ ಮುನ್ನ ಸೈನಿಕರು ಆ ಬಾರಿಗೆ ಬಂದು ಕೊನೆಯ ಗುಟುಕು ಕುಡಿದು ಹೋಗುತ್ತಿದ್ದರು. ಅವರ ಹೆಂಡಂದಿರು, ಪ್ರೇಯಸಿಯರು ವಾಯವ್ಯ ಮೂಲೆಯ ಕಿಟಕಿಗೆ ನಿಂತು ಹಡಗು ಗೋಲ್ಡನ್ ಗೇಟ್ ದಾಟಿ ಮರೆಯಾಗುವವರೆಗೆ ನೋಡುತ್ತಿದ್ದರು. ಆ ಮೂಲೆಗೆ ಅಳುವವರ ಮೂಲೆಯೆಂಬ ಹೆಸರೇ ಬಂತು. ತಿರುಗಿ ಬಂದ ಗಂಡಸರು ಆ ದ್ವೀಪಗಳಲ್ಲಿ ಕಂಡದ್ದು ಕೆಸರು, ಮಲೇರಿಯಾ, ಸಾವು. ಬಂದ ಮೇಲೆ ಅವರಿಗೆ ಬೇಕಾಗಿದ್ದು ಸಾವಿಲ್ಲದ ಅದೇ ದ್ವೀಪ: ತೆಂಗಿನ ಮರ, ಸಂಗೀತ, ಸಿಹಿ ರಮ್, ಯಾರನ್ನೂ ನೆನೆಸದೆ ನಿಲ್ಲುವ ಮಳೆ. ಮಿಚನರ್ ಎಂಬ ಲೇಖಕ ಬರೆದ ಪೆಸಿಫಿಕ್ ಯುದ್ಧದ ಕತೆಗಳು 1947ರಲ್ಲಿ ಬಂದವು. ಎರಡೇ ವರ್ಷಕ್ಕೆ ಅವು ಬ್ರಾಡ್‌ವೇ ರಂಗದಲ್ಲಿ ಹಾಡಾದವು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು. ಟಿಕಿಯ ಹುಚ್ಚು ಊರೂರಿಗೆ ಹರಡಿದ್ದು ಈ ಕಾಲದಲ್ಲಿ.

ಟೋಂಗಾ ರೂಮ್ ಹುಟ್ಟಿದ ವರ್ಷಕ್ಕೆ ನಮ್ಮದೊಂದು ನಂಟೂ ಇದೆ. 1945ರ ಏಪ್ರಿಲ್ 25ರಿಂದ ಜೂನ್ 26ರವರೆಗೆ 50 ದೇಶಗಳ ಪ್ರತಿನಿಧಿಗಳು ಈ ಊರಿನಲ್ಲಿ ಕೂತು ವಿಶ್ವಸಂಸ್ಥೆಯ ಸನ್ನದನ್ನು ಬರೆದರು. ದೊಡ್ಡ ರಾಷ್ಟ್ರಗಳ ನಡುವಿನ ಬಿಗಿಯಾದ ಮಾತುಕತೆ ನಡೆದದ್ದು ಫೇರ್‌ಮಾಂಟಿನಲ್ಲಿ. ಭಾರತದ ನಿಯೋಗದ ಮುಂದಾಳಾಗಿ ಬಂದು ಸನ್ನದಿಗೆ ಸಹಿ ಹಾಕಿದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಆರ್ಥಿಕ ಮತ್ತು ಸಾಮಾಜಿಕ ಸಹಕಾರದ ವಿಷಯ ನೋಡುತ್ತಿದ್ದ ಸಮಿತಿಗೆ ಅವರೇ ಅಧ್ಯಕ್ಷರು. ಮರುವರ್ಷ ಅವರು ಮೈಸೂರಿನ ದಿವಾನರಾದರು, ಸಂಸ್ಥಾನದ ಕೊನೆಯ ದಿವಾನರೂ ಅವರೇ. ಒಂದು ಮಹಡಿಯಲ್ಲಿ ಇನ್ನು ಯುದ್ಧ ಬೇಡವೆಂದು ಜಗತ್ತಿನವರು ಮಾತಾಡುತ್ತಿದ್ದ ವರ್ಷವೇ ಅದೇ ಕಟ್ಟಡದ ಕೆಳಗೆ ಯುದ್ಧ ಮರೆಯಲೊಂದು ದ್ವೀಪ ಎದ್ದಿತು. ಎರಡೂ ಒಂದೇ ದಣಿವಿನಿಂದ ಹುಟ್ಟಿದವೆಂದು ನಾನು ನಂಬುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ. ಗೋಡೆಯ ಮೇಲಿನ, ಲೋಟಗಳ ಮೇಲಿನ ಆ ಮರದ ಮೊಗಗಳು ಪಾಲಿನೇಷ್ಯದ ಜನರಿಗೆ ಪೂರ್ವಜರು, ದೇವರುಗಳು. ತುಳುನಾಡಿನ ದೈವದ ಮೊಗವನ್ನು ಬಿಯರ್ ಮಗ್ಗಿಗೆ ಅಚ್ಚು ಹಾಕಿ ಮಾರಿದರೆ ನಮ್ಮ ಕರಾವಳಿಯವರಿಗೆ ಏನನಿಸೀತೋ ಅದನ್ನೇ ಅವರೂ ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅಮೆರಿಕದ ಬಾರುಗಳಲ್ಲಿ ಜನ ದ್ವೀಪದ ಕನಸು ಕಾಣುತ್ತಿದ್ದ ವರ್ಷಗಳಲ್ಲೇ, 1946ರಿಂದ 1958ರವರೆಗೆ, ಮಾರ್ಷಲ್ ದ್ವೀಪಗಳ ಬಿಕಿನಿ ಹವಳದಿಬ್ಬದಲ್ಲಿ ಅಮೆರಿಕ 23 ಅಣುಸ್ಫೋಟ ನಡೆಸಿತು. ಅಲ್ಲಿನ ಜನರನ್ನು ಮನೆ ಬಿಡಿಸಿ ಸಾಗಿಸಿದರು. ಅವರಿಗೆ ತಮ್ಮ ದ್ವೀಪ ತಿರುಗಿ ಸಿಗಲಿಲ್ಲ.

ನಮ್ಮ ಜೊತೆ ಬಂದಿದ್ದ ಗೆಳತಿಯ ತಂದೆ ತಾಯಿ ನಿಜವಾದ ಟೋಂಗಾದವರು. ಕೊಲ್ಲಿ ಪ್ರದೇಶದಲ್ಲಿ ಟೋಂಗಾ ಮೂಲದ ಕುಟುಂಬಗಳು ಸಾಕಷ್ಟಿವೆ. ಇವಳು ಹುಟ್ಟಿ ಬೆಳೆದದ್ದು ಸ್ಯಾನ್ ಮಟೇಯೊದಲ್ಲಿ. ಈ ಕೋಣೆಯಲ್ಲಿ ಕೂತರೆ ಏನನಿಸುತ್ತದೆಂದು ಕೇಳಿದೆ. ಇಲ್ಲಿರುವುದು ಯಾವುದೂ ನಮ್ಮೂರಿನದಲ್ಲ, ಅಪ್ಪ ಇಲ್ಲಿಗೆ ಬರಲು ಒಪ್ಪುವುದೇ ಇಲ್ಲ, ನನಗೆ ಮಾತ್ರ ಈ ದೋಣಿ, ಈ ಹಾಡು ಇಷ್ಟ ಎಂದಳು. ಆಮೇಲೆ ಅಜ್ಜಿ ಹೇಳುತ್ತಿದ್ದ ಕತೆಯೊಂದನ್ನು ಹೇಳಿದಳು. ಅದು ನಡೆದದ್ದು 1953ರ ಜೂನ್ 2ರಂದು, ಲಂಡನ್ನಿನಲ್ಲಿ. ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ದಿನ ಧೋ ಎಂದು ಮಳೆ. ಮೆರವಣಿಗೆಯ ಸಾರೋಟುಗಳೆಲ್ಲ ಮೇಲ್ಮುಚ್ಚು ಎಳೆದುಕೊಂಡವು. ಟೋಂಗಾದ ಸಾಲೋಟೆ ರಾಣಿ ಮಾತ್ರ ತನ್ನ ಸಾರೋಟಿಗೆ ಮುಚ್ಚು ಹಾಕಿಸಲಿಲ್ಲ. ಗೌರವ ಸಲ್ಲಿಸಲು ಬಂದವರು ಮರೆಯಲ್ಲಿ ಕೂರುವುದು ಅವರ ಪದ್ಧತಿಯಲ್ಲಿ ಸಲ್ಲದು. ಆರಡಿ ಮೀರಿದ ಎತ್ತರದ ಆ ಹೆಂಗಸು ದಾರಿಯುದ್ದಕ್ಕೂ ನೆನೆಯುತ್ತ, ನಗುತ್ತ, ಕೈಬೀಸುತ್ತ ಹೋದರು. ಆ ಒಂದು ಮಧ್ಯಾಹ್ನಕ್ಕೆ ಲಂಡನ್ನಿನ ಜನ ಅವರಿಗೆ ಮನಸೋತರು. “ಅಜ್ಜಿ ಇದನ್ನ ಹೇಳುವಾಗ ತಾನೇ ನೆನೆದ ಹಾಗೆ ಹೇಳ್ತಿದ್ದರಂತೆ” ಎಂದು ಅಣ್ಣನ ಮಗಳು ನನಗೆ ಕನ್ನಡದಲ್ಲಿ ದಾಟಿಸಿದಳು.

ಅಷ್ಟೊತ್ತಿಗೆ ದೋಣಿ ದಡ ಬಿಟ್ಟಿತ್ತು. ಗಿಟಾರು, ಕೀಬೋರ್ಡು, ಡ್ರಮ್ಮು ಹೊತ್ತ ಹುಲ್ಲುಮಾಡು ನಿಧಾನವಾಗಿ ಕೊಳದ ನಡುವೆ ತೇಲಿ ಬಂತು. ಎಪ್ಪತ್ತರ ದಶಕದಿಂದ ಮೊನ್ನೆ ಮೊನ್ನೆಯವರೆಗಿನ ಜನಪ್ರಿಯ ಹಾಡುಗಳು. ನೀರಿನ ಮೇಲಿಂದ ಬರುವ ಸದ್ದಿಗೆ ಒಂದು ಗುಂಗಿದೆ. ಗೋಡೆಗೆ ಬಡಿದು ಮರಳುವ ಮೊದಲು ಕೊಳದ ಮೇಲೆ ಒಮ್ಮೆ ಉರುಳಿ ಬರುತ್ತದೆ. ಇದೇ ಹೋಟೆಲಿನ ಮೇಲಿನ ವೆನೀಷಿಯನ್ ರೂಮಿನಲ್ಲಿ 1961ರ ಡಿಸೆಂಬರಿನಲ್ಲಿ ಟೋನಿ ಬೆನೆಟ್ ಈ ಊರನ್ನು ಕುರಿತ ತನ್ನ ಪ್ರಸಿದ್ಧ ಹಾಡನ್ನು ಮೊದಲ ಸಲ ಹಾಡಿದ್ದು.

ಹಡಗಿನ ಹಲಗೆಯ ಮೇಲೆ ಜನ ತುಂಬಿದರು. ಹೂವಿನ ಅಂಗಿ ತೊಟ್ಟ ಆಫೀಸಿನ ಹುಡುಗರು, ಮದುವೆಗೆ ಮುಂಚಿನ ಮೋಜಿಗೆ ಬಂದ ಹೆಣ್ಣುಮಕ್ಕಳ ಗುಂಪು, ಅವರ ನಡುವೆ ಎಂಬತ್ತರ ಹತ್ತಿರದ ಗಂಡ-ಹೆಂಡತಿ. ಅವನ ಬಲಗಾಲಿಗೆ ಏನೋ ತೊಂದರೆ. ಹೆಜ್ಜೆ ತಪ್ಪುವ ಕಡೆಯೆಲ್ಲ ಹೆಂಡತಿ ತಾಳವನ್ನೇ ಒಂದಿಷ್ಟು ತಡೆದು, ಅವನು ಸೇರಿಕೊಂಡ ಮೇಲೆ ಮುಂದುವರಿಸುತ್ತಿದ್ದಳು. ಹುಡುಗರು ತಾವಾಗಿಯೇ ಸರಿದು ಅವರಿಗೆ ಜಾಗ ಬಿಟ್ಟಿದ್ದರು. ನಮ್ಮ ಊರುಗಳಲ್ಲಿ ಇಷ್ಟು ವಯಸ್ಸಿನ ದಂಪತಿ ಕೈ ಹಿಡಿದು ಕುಣಿಯಬಹುದಾದ ಒಂದು ಜಾಗವೂ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು. ಅಣ್ಣನ ಮಗಳು “ಏಳಿ ಚಿಕ್ಕಪ್ಪ” ಎಂದು ಎಬ್ಬಿಸಿದಳು. ನಾನೂ ಕುಣಿದೆ. ಎರಡನೇ ಮಳೆ ಬಂದದ್ದು ನಾವು ಕುಣಿಯುತ್ತಿದ್ದಾಗ. ದೋಣಿಯ ಮಾಡಿನ ಕೆಳಗಿದ್ದ ಹಾಡುಗಾರ್ತಿ ಗುಡುಗಿಗೆ ಹಾಡು ನಿಲ್ಲಿಸಲಿಲ್ಲ, ದನಿ ಏರಿಸಿದಳು.

ಈ ಕೋಣೆ ಇನ್ನೂ ಉಳಿದಿರುವುದೇ ಒಂದು ಹೋರಾಟದಿಂದ. 2009ರ ಹೊತ್ತಿಗೆ ಹೋಟೆಲಿನ ಒಂದು ಭಾಗವನ್ನು ಕೆಡವಿ ಅಪಾರ್ಟ್‌ಮೆಂಟ್ ಗೋಪುರ ಕಟ್ಟುವ ಯೋಜನೆ ಬಂತು. ಅದು ನಡೆದಿದ್ದರೆ ಟೋಂಗಾ ರೂಮ್ ಇರುತ್ತಿರಲಿಲ್ಲ. ಊರಿನವರು ಎದ್ದು ನಿಂತರು. ನಗರದ ಯೋಜನಾ ಇಲಾಖೆ ಪರಿಶೀಲಿಸಿ, ಇದು ಚಾರಿತ್ರಿಕ ಮಹತ್ವದ ಜಾಗವೆಂದು ಒಪ್ಪಿತು. ಈಜುಕೊಳ, ಹುಲ್ಲುಮಾಡು, ಹುಸಿ ಮಳೆಗೂ ಚರಿತ್ರೆಯ ಮಾನ್ಯತೆ ಸಿಕ್ಕಿದ್ದು ನ್ಯಾಯವೇ. ಅರಮನೆ, ಗುಡಿಗಳಷ್ಟೇ ಒಂದು ಕಾಲದ ನೆನಪಲ್ಲ. ದಣಿದ ಜನ ಎಲ್ಲಿ ಕೂತು ದಣಿವಾರಿಸಿಕೊಂಡರು ಎಂಬುದೂ ಹೌದು.

ಹೊರಡುವ ಮುಂಚೆ ಗೆಳತಿಯನ್ನು ಮತ್ತೆ ಕೇಳಿದೆ: ಇದನ್ನು ಹೀಗೇ ಉಳಿಸಬೇಕೋ, ಬೇಡವೋ? ಅವಳು ಬಹಳ ಹೊತ್ತು ಯೋಚಿಸಲಿಲ್ಲ. ಉಳಿಸಲಿ, ಆದರೆ ಮಳೆ ಬೀಳುವ ಕಡೆ, ಎಲ್ಲರಿಗೂ ಕಾಣುವ ಹಾಗೆ, ಸಾರೋಟಿನಲ್ಲಿ ನೆನೆಯುತ್ತ ಕೂತ ಸಾಲೋಟೆ ರಾಣಿಯ ಚಿತ್ರವೊಂದನ್ನು ಹಾಕಲಿ, ಕೆಳಗೆ ಹೆಸರು ಬರೆಯಲಿ, ಆಗ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ ಎಂದಳು.